ಅಮಾಸಿ ದಿನದ ಕೆಂಪು ತ್ರಿಕೋನ

ನಿನ್ನೆ ಸಂಜೆಯವರೆಗೂ ನೆಟ್ಟಗೆ ತೆರೆಯುತ್ತಿದ್ದ ಪುಟ ಇವತ್ತು ಬೆಳಿಗ್ಗೆ ವಾಣಿಶ್ರೀಯನ್ನು ಗುರುತೇ ಇಲ್ಲದವರ ಹಾಗೆ ನೋಡಿತು. ಅಥವಾ ಅವಳ ಮೊಬೈಲೇ ಆ ಪುಟವನ್ನು ಗುರುತಿಸಲಿಲ್ಲವೋ ಏನೋ. ಯಾರಿಗೆ ಯಾರ ಗುರುತು ಸಿಗಲಿಲ್ಲ ಎಂಬುದೇ ಅವಳಿಗೆ ತಿಳಿಯಲಿಲ್ಲ. ಪರದೆಯ ನಡುವೆ ಒಂದು ಕೆಂಪು ತ್ರಿಕೋನ. ಕೆಳಗೆ, ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ಯಾರೋ ನಿಮ್ಮ ಪಾಸ್‌ವರ್ಡು, ಸಂದೇಶಗಳನ್ನು ಕದಿಯಲು ಯತ್ನಿಸುತ್ತಿರಬಹುದು ಎಂಬ ಮಾತು.

ಆ ‘ಯಾರೋ’ ಅವಳನ್ನು ಕಾಡಿತು. ಹೆಸರಿಲ್ಲದ ಒಬ್ಬ ಮನುಷ್ಯ ಈ ಅಡುಗೆಮನೆಯ ಕಿಟಕಿಯಾಚೆ ನಿಂತಿದ್ದಾನೆ ಎಂದು ಹೇಳಿ ಸುಮ್ಮನಾದ ಹಾಗಿತ್ತು ಅದು.

ಅವಳು ನಾರಾಯಣಖೇಡದ ಒಂದು ಖಾಸಗಿ ವಸತಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಗಂಡ ಆನಂದಕುಮಾರ ತಾಂಡೂರಿನ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾನೆ. ಮದುವೆಯಾದಾಗಿನಿಂದ ಇಬ್ಬರೂ ಕೂಡುವುದು ನಡುವಿನ ಊರಾದ ಜಹೀರಾಬಾದಿನಲ್ಲಿ, ಆನಂದಕುಮಾರನ ಅಪ್ಪ ಅವ್ವನ ಮನೆಯಲ್ಲಿ. ಆ ಕಡೆಯ ಬಸ್ಸಿನಿಂದ ಅವನು, ಈ ಕಡೆಯ ಬಸ್ಸಿನಿಂದ ಇವಳು ಇಳಿದು, ಇಬ್ಬರೂ ನೆಂಟರ ಹಾಗೆ ಒಂದೇ ಮನೆಗೆ ಹೋಗಿ, ನೆಂಟರ ಹಾಗೆಯೇ ಉಪಚಾರ ಮಾಡಿಸಿಕೊಂಡು ಮರಳುತ್ತಿದ್ದರು. ತಮ್ಮದೇ ಒಂದು ಒಲೆ ಹಚ್ಚಿ ಚಹಾ ಮಾಡಿಕೊಂಡದ್ದು ಇಬ್ಬರಿಗೂ ನೆನಪಿಲ್ಲ.

ಶಾಲೆಯನ್ನು ನಡೆಸುವ ಸಂಸ್ಥೆಗೆ ಜಹೀರಾಬಾದಿನಲ್ಲಿ, ತಾಂಡೂರಿನಲ್ಲಿ, ರಾಯಿಕೋಡಿನಲ್ಲೂ ಶಾಲೆಗಳಿವೆ. ಈ ವರ್ಷ ಬಹಳ ಕಾಲದ ಮೇಲೆ ವರ್ಗಾವಣೆಗೆ ಅವಕಾಶ ಕೊಟ್ಟಿದ್ದರು. ಸೈಟಿನಲ್ಲಿ ಊರುಗಳನ್ನು ಬೇಕಾದ ಕ್ರಮದಲ್ಲಿ ಹಾಕಬೇಕು. ಗಣಿತದ ಜಾಗ ಮೂರೂ ಕಡೆ ಖಾಲಿ, ಕೇಳಿದವರಲ್ಲಿ ವಾಣಿಶ್ರೀಯೇ ಹಿರಿಯಳು, ಹಾಗಾಗಿ ಅವಳು ಮೊದಲು ಹಾಕಿದ ಊರೇ ಅವಳದು. ಏನೂ ಹಾಕದಿದ್ದರೆ ಸಂಸ್ಥೆ ತನಗೆ ತಿಳಿದಲ್ಲಿಗೆ ಕಳಿಸುತ್ತದೆ. ಇವತ್ತು ಸಂಜೆಗೆ ಪುಟ ಮುಚ್ಚುತ್ತದೆ. ನಿನ್ನೆಯೇ ಹಾಕುತ್ತಿದ್ದಳು. ಆನಂದಕುಮಾರನೇ ಫೋನಿನಲ್ಲಿ, “ನಿಂದ್ರು, ನಾಳಿ ಮಾತಾಡಿ ಹಾಕಮು. ಅವಸರ ಏನದ?” ಎಂದಿದ್ದ.

ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಬೆಳಿಗ್ಗೆ ಒಂದು ಸಂದೇಶ ಬಂದಿತ್ತು: ನಮ್ಮ ಸೈಟಿಗೆ ಸುರಕ್ಷತಾ ಪ್ರಮಾಣಪತ್ರ ಕೊಡುವ ಪ್ರಾಧಿಕಾರ ಇಂದಿನಿಂದ ಬದಲಾಗಿದೆ, ಕೆಲವರ ಬ್ರೌಸರಿನಲ್ಲಿ ಎಚ್ಚರಿಕೆ ಕಾಣಬಹುದು, ಗಾಬರಿ ಬೇಡ. ಅದರ ಮೇಲೆಯೇ ಹೋದ ವಾರದ ಇನ್ನೊಂದು ಸಂದೇಶವಿತ್ತು: ನಮ್ಮ ಸೈಟಿನಂತೆ ಕಾಣುವ ನಕಲಿ ಸೈಟುಗಳು ಓಡಾಡುತ್ತಿವೆ, ಬ್ರೌಸರು ಎಚ್ಚರಿಕೆ ತೋರಿಸಿದರೆ ಮುಂದೆ ಹೋಗಬೇಡಿ, ನೆಟ್ ಸೆಂಟರಿನಲ್ಲಾಗಲಿ ಪರರ ಮೊಬೈಲಿನಲ್ಲಾಗಲಿ ತೆರೆಯಬೇಡಿ. ಎರಡೂ ಒಂದೇ ಆಫೀಸಿನಿಂದ ಬಂದವು. ವಾಣಿಶ್ರೀ ಎರಡನ್ನೂ ಓದಿದಳು, ಮತ್ತೆ ಓದಿದಳು. ಗಾಬರಿ ಬೀಳದೆ ಹೆದರಬೇಕು ಎಂದು ಇದರ ಅರ್ಥವೇ?

ಹೋದ ವಾರದ ಸಂದೇಶಕ್ಕೆ ಕಾರಣ ಹಿಂದೆ ಅವಳ ಜೊತೆ ಕಲಿಸುತ್ತಿದ್ದ ಪ್ರೇಮಲಾ. ಹಿಂದಿನ ಸಲ ಆಕೆ ನೆಟ್ ಸೆಂಟರಿನಲ್ಲಿ ಕೂತು ಊರು ಹಾಕಿದ್ದಳು. ಆಕೆ ಎದ್ದುಹೋದ ಮೇಲೆ ಯಾರೋ ಅದನ್ನು ತಿದ್ದಿದರು. ಅಲ್ಲಿಯೂ ‘ಯಾರೋ’. ಜಹೀರಾಬಾದು ಕೇಳಿದವಳು ಇವತ್ತಿಗೂ ರಾಯಿಕೋಡಿನ ಶಾಲೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿಸುತ್ತಿದ್ದಾಳೆ.

ವಾಣಿಶ್ರೀ ಶಾಲೆಯ ಕಂಪ್ಯೂಟರ್ ಮಾಸ್ತರ ಕ್ರಾಂತಿಕುಮಾರನಿಗೆ ಫೋನು ಹಚ್ಚಿದಳು.

“ಮೇಡಂ, ನಿಮ್ಮ ಫೋನ್ ಹಳೇದು,” ಎಂದ ಅವನು, ಸಾವಿನ ಸುದ್ದಿ ಹೇಳುವ ದನಿಯಲ್ಲಿ. “ಅದ್ರೊಳಗ ಪ್ರಮಾಣಪತ್ರ ಕೊಡೋ ಹಳೇ ಸಾಕ್ಷಿದಾರರ ಹೆಸರು ಅಷ್ಟೇ ಅವ. ಈಗ ಸೈಟಿನವ್ರು ಹೊಸ ಸಾಕ್ಷಿದಾರನ್ನ ತಂದಾರ. ಆ ಹೆಸರು ನಿಮ್ಮ ಫೋನಿಗಿ ಗೊತ್ತೇ ಇಲ್ಲ. ಅದಕ್ಕ ನಂಬಂಗಿಲ್ಲ.”

“ಹಂಗಾರ ಸೈಟ್ ಖರೇದೇ ಏನು?”

“ಖರೇದೇ ಇರಬೇಕು ಮೇಡಂ.”

“ಇರಬೇಕು ಅಂದ್ರ?”

“ಅಂದ್ರ... ಖರೇ ಸೈಟಿಗೂ ಹಂಗೇ ತೋರಸ್ತದ, ಖೋಟಾ ಸೈಟಿಗೂ ಹಂಗೇ ತೋರಸ್ತದ. ಕೆಳಗ ‘ಆದರೂ ಮುಂದುವರಿಯಿರಿ’ ಅಂತ ಒಂದು ಬರ್ತದ. ಅದನ್ನ ಒತ್ತಬ್ಯಾಡ್ರಿ.” ದನಿ ತಗ್ಗಿಸಿ, “ಒತ್ತಿದ್ರೂ ನಡೀತದ. ನಾ ಹೇಳ್ದಂತ ಅನ್ನಬ್ಯಾಡ್ರಿ,” ಎಂದ.

ಅವಳು ಒತ್ತಿದಳು. ಪುಟ ತೆರೆಯಿತು, ನಿನ್ನೆಯದೇ ನೀಲಿ ಬಣ್ಣ, ನಿನ್ನೆಯದೇ ದೀಪದ ಚಿತ್ರ. ತನ್ನ ನೌಕರಿ ಸಂಖ್ಯೆ ಬರೆದಳು. ಪಾಸ್‌ವರ್ಡಿನ ಮೊದಲಕ್ಷರ ಒತ್ತುವಾಗ ಮೇಲೆ ವಿಳಾಸದ ಪಕ್ಕದಲ್ಲಿ ಕೆಂಪಗೆ ಗೀಟು ಹೊಡೆದದ್ದು ಕಂಡಿತು. ನಿನ್ನೆಯಂತೆಯೇ ಇದೆ ಎಂಬುದೇ ಈಗ ಅನುಮಾನ. ನಕಲಿ ಎಂದರೆ ಹಾಗೆಯೇ ಇರುವುದಲ್ಲವೇ? ಬಿಸಿ ಹಂಚು ಮುಟ್ಟಿದವಳಂತೆ ಮುಚ್ಚಿಬಿಟ್ಟಳು.

ಅವಳು ರಜೆಗೆ ಬಂದಿದ್ದ ಜಹೀರಾಬಾದಿನ ಈ ಮನೆಯ ಮುಂಭಾಗವೇ ಅಂಗಡಿ. ಮಾವ ಮನ್ಮಥಪ್ಪನದು ಬೀಜ, ಗೊಬ್ಬರ, ಔಷಧದ ವ್ಯಾಪಾರ. ಬಿತ್ತನೆಯ ಹಂಗಾಮು, ಅದರಲ್ಲಿ ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ಒಳಗೆ ಅತ್ತೆ ಸುಗಲಾಬಾಯಿ ಹೊಲದ ಮಣ್ಣು ನಾದಿ ಎತ್ತು ಮಾಡುತ್ತಿದ್ದರೆ, ಹೊರಗೆ ತೊಗರಿ, ಸೋಯಾ ಬೀಜಕ್ಕೆ ರೈತರು ನಿಂತಿದ್ದರು. ಬಿಲ್ಲು ತೆಗೆಯುವ ಕಂಪ್ಯೂಟರಿಗೆ ಹೋದ ವರ್ಷವಷ್ಟೇ ಹೊಸ ತಂತ್ರಾಂಶ ಹಾಕಿಸಿ ಹೊಸ ಜೀವ ತುಂಬಿಸಿದ್ದರು. ಪರರದಲ್ಲ, ಮನೆಯದು. ಫೋನು ಹಳೆಯದಾದರೆ ಇದಕ್ಕಾದರೂ ಹೊಸ ಸಾಕ್ಷಿದಾರನ ಹೆಸರು ಗೊತ್ತಿರಬೇಕು.

“ಮಾವಾ, ಒಂದ್ ಗಳಿಗಿ ಕಂಪ್ಯೂಟರ್ ಬೇಕಾಗಿತ್ರಿ.”

“ತಗೋವ್ವ. ನಂದ್ ಏನದ ಅದ್ರಾಗ, ಬರೇ ಬಿಲ್ಲು,” ಎಂದು ಮನ್ಮಥಪ್ಪ ಕುರ್ಚಿ ಬಿಟ್ಟುಕೊಟ್ಟ.

ವಿಳಾಸ ಹಾಕಿ ಒತ್ತಿದಳು. ಕೆಂಪು ತ್ರಿಕೋನ, ಇನ್ನೂ ದೊಡ್ಡದು. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ.

ಒಂದು ಹಳೆಯದೆಂದು ನಂಬದಿದ್ದರೆ ಸರಿ, ಹೊಸದೂ ನಂಬುವುದಿಲ್ಲವೆಂದರೆ? ಸೈಟೇ ಖೋಟಾ ಇರಬೇಕು. ಅದಕ್ಕೆ ತಾನು ನೌಕರಿ ಸಂಖ್ಯೆ ಬೇರೆ ಕೊಟ್ಟು ಬಂದಿದ್ದಾಳೆ.

ಸೊಸೆಯ ಮುಖ ನೋಡಿ ಮನ್ಮಥಪ್ಪ ಏನೆಂದು ಕೇಳಿದ. ಅವಳು ಹೇಳಿದಳು. ಅವನು ಮೂಲೆಯ ಬೀಜದ ಚೀಲವೊಂದನ್ನು ತಿರುಗಿಸಿ, ಬಾಯಿಗೆ ಹೊಲಿದಿದ್ದ ನೀಲಿ ಚೀಟಿಯನ್ನು ತೋರಿಸಿದ.

“ಇದೇ ಆತಲ್ಲ. ಬೀಜ ಚಲೋ ಅದಂತ ಸರ್ಕಾರದವ್ರು ಚೀಟಿ ಹೊಲೀತಾರ. ಚೀಟಿ ಬಣ್ಣ ತುಸು ಬ್ಯಾರೆ ಆದ್ರೂ ಸಾಕು, ರೈತ ಚೀಲ ಮುಟ್ಟಂಗಿಲ್ಲ. ಒಳಗ ಅದೇ ತೊಗರಿ ಇದ್ರೂ ಸೈತ.”

“ಹಂಗೇರಿ. ಈ ಸೈಟಿಗಿ ಒಬ್ಬ ಸಾಕ್ಷಿ.”

“ಆ ಸಾಕ್ಷಿಗಿ ಯಾರ್ ಸಾಕ್ಷಿ?”

“ಅವನ ಮ್ಯಾಗ ಇನ್ನೊಬ್ಬ ದೊಡ್ಡಾಂವ ಇರ್ತಾನ್ರಿ.”

“ಅವನಿಗಿ?”

ವಾಣಿಶ್ರೀ ಬಿ.ಇಡಿ.ಯಲ್ಲಿ ಕಂಪ್ಯೂಟರಿನ ಪಾಠ ಓದಿದ್ದಳು, ಅರ್ಧ ನೆನಪಿತ್ತು. “ಎಲ್ಲಾರಕಿಂತ ಮ್ಯಾಗಿನವಗ ಯಾರೂ ಇಲ್ಲರಿ. ತನಗ ತಾನೇ ಸಹಿ ಮಾಡ್ಕೋತಾನ.”

ಮನ್ಮಥಪ್ಪ ಚೀಲವನ್ನು ಕೆಳಗಿಳಿಸಿದ. “ತನಗ ತಾನೇ? ಹಂಗಿದ್ರ ಅವ ಒಂದೋ ದೇವ್ರಿರಬೇಕು, ಇಲ್ಲಾ ಸೊಸೈಟಿ ಚೇರ್ಮನ್.”

ಕಟ್ಟೆಯ ಮೇಲೆ ಕೂತಿದ್ದ ಪೀರಪ್ಪ ಎಂಬ ರೈತ ಗಹಗಹಿಸಿ ನಕ್ಕ. ವಾಣಿಶ್ರೀಗೆ ನಗು ಬರಲಿಲ್ಲ. ಅಷ್ಟರಲ್ಲಿ ಅವಳ ಮೊಬೈಲು ಟಿಂಗ್ ಎಂದಿತು. ಸಂಸ್ಥೆಯ ಸೈಟಿನಿಂದ ಒಂದು ಅಂಕಿ: ಪ್ರವೇಶಿಸಲು ಈ ಸಂಖ್ಯೆ ಬಳಸಿ, ಯಾರಿಗೂ ಹೇಳಬೇಡಿ.

ಅವಳು ಯಾವುದನ್ನೂ ಕೇಳಿರಲಿಲ್ಲ. ಪಾಸ್‌ವರ್ಡು ಸರಿಯಾಗಿ ಹಾಕಿದ ಮೇಲಷ್ಟೇ ಈ ಅಂಕಿ ಬರುತ್ತದೆ. ಅಂದರೆ ಯಾರೋ ಅವಳ ಪಾಸ್‌ವರ್ಡು ಹಾಕಿ ಬಾಗಿಲಲ್ಲಿ ನಿಂತಿದ್ದಾರೆ. ಆ ಒಂದಕ್ಷರದಿಂದಲೇ ಉಳಿದದ್ದನ್ನು ಕದ್ದರೇ? ಹಾಗೆ ಆಗುತ್ತದೆಯೇ? ಯಾರನ್ನು ಕೇಳುವುದು?

ಫೋನು ರಿಂಗಾಯಿತು. ಆನಂದಕುಮಾರ.

“ವಾಣಿ, ನಂಬರ್ ಬಂತೇನ?”

ಅವಳು ಮೊಬೈಲಿನ ಅಂಕಿಯನ್ನು ಮತ್ತೊಮ್ಮೆ ನೋಡಿದಳು.

“ಯಾವ ನಂಬರ್ರಿ?”

“ಈಗ ಬಂದಿರಬೇಕು ನೋಡು. ನಾನೇ ತೆಗ್ದೀನಿ ಸೈಟು. ನನ್ನ ಫೋನಿನಾಗ ಬರಾಬರ್ ಓಪನ್ ಆಗ್ಯಾದ. ಅವ್ವ ಫೋನ್ ಮಾಡಿದ್ಳು, ನಿನ್ನ ಫೋನಿನಾಗ ಆಗವಲ್ದಂತ. ನಂಬರ್ ಹೇಳು, ಹಾಕಿ ಬಿಡ್ತೀನಿ. ಜಲ್ದಿ.”

ಖಾತೆ ಮಾಡಿಕೊಟ್ಟವನೇ ಅವನು, ಪಾಸ್‌ವರ್ಡು ಅವನಿಗೆ ಗೊತ್ತಿರುವುದು ಸಹಜ. ಅವಳಿಗೆ ಎದೆ ಹಗುರವಾಗಬೇಕಿತ್ತು. ಅಂಕಿ ಬಾಯಿಗೆ ಬಂದೂ ಇತ್ತು. ಅದರ ಬದಲು ಅವಳ ಬಾಯಿಂದ ಬೇರೆಯೇ ಮಾತು ಹೊರಟಿತು.

“ಮೊದಲಿಗಿ ಯಾವ ಊರು ಹಾಕ್ತೀರಿ?”

ಆ ಕಡೆಯಿಂದ ಯಂತ್ರದ ಗರಗರ ಕೇಳಿಸಿತು. ಗಂಡ ಕೇಳಿಸಲಿಲ್ಲ.

“ಹಲೋ?”

“ಅಲ್ಲ ವಾಣಿ, ಅವ್ವ ಅನ್ಲಿಕ್ಕತ್ತಾಳ... ಈ ಸಲ ಜಹೀರಾಬಾದ್ ಹಾಕಮು. ಮನಿ ಅದ, ಉಣ್ಣೋದು ತಿನ್ನೋದು ಫಿಕರ್ ಇಲ್ಲ. ನಾ ಹ್ಯಾಂಗೂ ಬರ್ತೀನಿ, ಹೋಗ್ತೀನಿ. ತಾಂಡೂರು ಮುಂದಿನ ಸಲ ನೋಡಮು.”

“ಮುಂದಿನ ಸಲ ಯಾವಾಗ?”

“ಬರ್ತದಲ್ಲ ಯಾವಾಗರ.”

“ಇದು ಅತ್ತಿ ಮಾತೋ, ನಿಮ್ಮ ಮಾತೋ?”

“ಎರಡೂ ಒಂದೇ ಅಲ್ಲೇನು?”

“ದನಿ ಕಡೀಲಿಕ್ಕತ್ತಾದ್ರಿ,” ಎಂದು ವಾಣಿಶ್ರೀ ಫೋನು ಇಟ್ಟಳು. ದನಿ ಎಲ್ಲಿಯೂ ಕಡಿಯುತ್ತಿರಲಿಲ್ಲ.

ಅವಳಿಗೆ ಈಗ ಗೊಂದಲ ಇನ್ನೂ ಹೆಚ್ಚಾಯಿತು. ಸೈಟು ಖರೆಯದು, ಗಂಡನ ಫೋನಿನಲ್ಲಿ ತೆರೆದಿದೆ ಎಂದಮೇಲೆ ಖರೆಯದೇ. ಆದರೆ ಅದು ತೆರೆದ ಕಡೆ ಅವಳಿಗೆ ಬೇಕಾದ ಊರಿಲ್ಲ. ಬೇಕಾದ ಊರು ಹಾಕಬಲ್ಲ ಅವಳ ಕೈಯಲ್ಲಿ ಅದು ತೆರೆಯುತ್ತಿಲ್ಲ. ಗಂಡ ಒಟ್ಟಿಗೆ ಇರುವುದು ಬೇಡ ಎಂದನೇ? ಹಾಗೆ ಎಂದಿಲ್ಲ. ಬೇಕು ಎಂದನೇ? ಹಾಗೂ ಎಂದಿಲ್ಲ. ಅವಳ ವಿದ್ಯಾರ್ಥಿಗಳು ಇಂಥ ಉತ್ತರ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದಳು. ಗಂಡನಿಗೆ ಎಷ್ಟು ಹಾಕಬೇಕು ತಿಳಿಯಲಿಲ್ಲ. ತಾಂಡೂರಿನಲ್ಲಿ ಯಾವುದೋ ಒಂದು ಸಂಗತಿ ಇದೆ, ತನಗೆ ಹೇಳುತ್ತಿಲ್ಲ ಎಂದು ಒಮ್ಮೆ ಅನ್ನಿಸಿತು. ಏನೂ ಇಲ್ಲ, ಅವನು ಬರೀ ಅವ್ವನಿಗೆ ಅಂಜುತ್ತಾನೆ ಎಂದು ಇನ್ನೊಮ್ಮೆ ಅನ್ನಿಸಿತು. ಎರಡನೆಯದೇ ಹೆಚ್ಚು ಬೇಸರ ತರಿಸಿತು.

“ಸಾವ್ಕಾರ, ನಂದು ಬಿಲ್ಲು ತೆಗೀರಿ,” ಎಂದು ಪೀರಪ್ಪ ಎದ್ದ.

ಮನ್ಮಥಪ್ಪ ಬಗ್ಗಿ ಎರಡು ಬೆರಳಿನಲ್ಲಿ ಗುಂಡಿ ಒತ್ತಿದ, ಯಂತ್ರ ಕಿರಗುಟ್ಟಿ ಕಾಗದ ಉಗುಳಿತು. ಪೀರಪ್ಪ ಬೆಲೆಯನ್ನು ನೋಡಲಿಲ್ಲ. ಮೇಲಿನ ಮೂಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಅಮಾಸಿ ಬಿದ್ದಿಲ್ಲಲ್ಲ?”

“ಇಲ್ಲೋ ಮಾರಾಯ. ನಿನ್ನಿದೇ ತಾರೀಕು ಅದ. ನಿಶ್ಚಿಂತಿ ಹೋಗಿ ಬಿತ್ತು.”

ಪೀರಪ್ಪ ಬಿಲ್ಲನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ.

“ನಿನ್ನಿ ತಾರೀಕು ಹ್ಯಾಂಗ ಬಂತ್ರಿ?” ಎಂದಳು ವಾಣಿಶ್ರೀ.

ಮನ್ಮಥಪ್ಪ ಹೆಮ್ಮೆಯಿಂದಲೇ ಹೇಳಿದ. ಅಮಾವಾಸ್ಯೆಯ ತಾರೀಖಿನ ಬಿಲ್ಲಿಗೆ ಬೀಜ ಕೊಂಡರೆ ಮೊಳಕೆ ಒಡೆಯುವುದಿಲ್ಲ ಎಂದು ಈ ಸುತ್ತಿನ ರೈತರ ನಂಬಿಕೆ. ಚೀಟಿ ಬರೆಯುವ ಕಾಲದಲ್ಲಿ ಪೆನ್ನಿನಿಂದಲೇ ಹಿಂದಿನ ದಿನ ಹಾಕುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಅದಕ್ಕೂ ಒಂದು ದಾರಿ. ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿ ತೆರೆದು, ಊದುಬತ್ತಿ ಹಚ್ಚಿ, ಕಂಪ್ಯೂಟರಿನ ದಿನವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿಬಿಡುವುದು. “ಎಲ್ಲಾ ಅಂಗಡಿಯವ್ರೂ ಮಾಡ್ತಾರ. ಇಷ್ಟು ವರ್ಷ ಏನೂ ಆಗಿಲ್ಲ.”

ವಾಣಿಶ್ರೀ ಪರದೆಯ ಮೂಲೆಯನ್ನು ನೋಡಿದಳು. ಅಲ್ಲಿ ನಿನ್ನೆ ಇತ್ತು.

ಅವಳು ಎಚ್ಚರಿಕೆಯ ಪುಟವನ್ನು ಮತ್ತೆ ತೆರೆದು, ಈ ಸಲ ಹೆದರಿಕೆಯ ಮಾತು ಬಿಟ್ಟು ಕೆಳಗಿನ ಸಣ್ಣ ಅಕ್ಷರಕ್ಕೆ ಹೋದಳು. ಹೊಸ ಸಾಕ್ಷಿದಾರ ಕೊಟ್ಟ ಪತ್ರದ ಅವಧಿ ಇವತ್ತಿನಿಂದ ಶುರು. ಈ ಕಂಪ್ಯೂಟರಿನ ಮಟ್ಟಿಗೆ ಇವತ್ತು ಇನ್ನೂ ಬಂದಿಲ್ಲ. ನಾಳೆ ಬರೆಯುವ ಪತ್ರವನ್ನು ಇವತ್ತೇ ತಂದು ತೋರಿಸುವವನನ್ನು ಯಾರು ತಾನೇ ಒಳಗೆ ಬಿಡುತ್ತಾರೆ? ಹಳೆಯ ಸಾಕ್ಷಿದಾರನ ಪತ್ರ ತಿಂಗಳುಗಳ ಹಿಂದಿನದು, ಒಂದು ದಿನ ಆಚೀಚೆ ಆದರೂ ಅದಕ್ಕೆ ಬಾಧೆ ಇರಲಿಲ್ಲ. ಹೀಗಾಗಿಯೇ ಇಷ್ಟು ಅಮಾವಾಸ್ಯೆಗಳು ಸದ್ದಿಲ್ಲದೆ ಕಳೆದಿದ್ದವು. ಫೋನಿಗೆ ಒಂದು ರೋಗ, ಕಂಪ್ಯೂಟರಿಗೆ ಇನ್ನೊಂದು. ಎರಡೂ ಮೈಮೇಲೆ ಎಬ್ಬಿಸಿದ್ದು ಮಾತ್ರ ಅದೇ ಕೆಂಪು ಗುಳ್ಳೆ.

“ಮಾವಾ, ದಿನ ಬರಾಬರ್ ಮಾಡ್ಬೇಕ್ರಿ. ಇವತ್ತಿಗಿ ತರಬೇಕು.”

“ಇವತ್ತಿಗಿ? ಅಮಾಸಿಗಿ?” ಮನ್ಮಥಪ್ಪ ಬಾಗಿಲ ಕಡೆ ನೋಡಿದ. ಇನ್ನೂ ನಾಲ್ಕಾರು ಮಂದಿ ಚೀಲಗಳ ಮೇಲೆ ಕೂತಿದ್ದರು. “ನಾಳಿ ಮಾಡಿದ್ರ?”

“ಸಂಜಿಗಿ ಮುಗೀತದ್ರಿ.”

ಅಷ್ಟರಲ್ಲಿ ಕೈತುಂಬ ಮಣ್ಣು ಮಾಡಿಕೊಂಡ ಸುಗಲಾಬಾಯಿ ನಡುಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಕೋಡಿಲ್ಲದ ಎತ್ತು. ಒಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಆನಂದಗ ನಂಬರ್ ಹೇಳಿದ್ರ ಮುಗೀತಿತ್ತಲ್ಲ ವಾಣಿ. ಗಂಡಗ ಹೇಳಾಕ ಏನ್ ಬ್ಯಾನಿ? ಅವ ಏನ್ ಪರರಾಂವ?”

“ಪರರಾಂವ ಅಲ್ರಿ ಅತ್ತಿ.”

“ಮತ್ತ?”

“ಅವರು ಜಹೀರಾಬಾದ್ ಹಾಕ್ತಾರ.”

“ನೀ ಏನ್ ಹಾಕ್ತಿ?”

ಇಷ್ಟು ಹೊತ್ತು ಯಂತ್ರಗಳು ಕೇಳುತ್ತಿದ್ದ ಪ್ರಶ್ನೆಯನ್ನು ಮನುಷ್ಯರು ಕೇಳಿದ್ದು ಇದೇ ಮೊದಲು.

“ತಾಂಡೂರು.”

ಸುಗಲಾಬಾಯಿ ಎತ್ತಿನ ತಲೆಯನ್ನು ಹೆಬ್ಬೆರಳಿನಿಂದ ತಿದ್ದತೊಡಗಿದಳು. “ಇಲ್ಲಿ ನಿನಗ ಏನ್ ಕಮ್ಮಿ ಮಾಡೀವಿ? ಮಗಳಂಗ ನೋಡ್ಕೊಂಡೀವಿ.”

“ಹೌದ್ರಿ. ಮಗಳಂಗ ನೋಡ್ಕೊಂಡೀರಿ. ಮಗಳಿಗಿ ಎಲ್ಲಾರೂ ಗಂಡನ ಮನಿಗಿ ಕಳಸ್ತಾರ.”

ಕಟ್ಟೆಯ ಮೇಲಿದ್ದ ಮುದುಕನೊಬ್ಬ ಕೆಮ್ಮಿದ. ಅದು ಕೆಮ್ಮೋ ನಗುವೋ ಗೊತ್ತಾಗಲಿಲ್ಲ. ಸುಗಲಾಬಾಯಿ ಗಂಡನ ಕಡೆ ತಿರುಗಿದಳು. “ಕೇಳಿದ್ರೇನ್ರಿ? ಅಮಾಸಿ ದಿನ ಹಾಕಿದ್ದು ದಕ್ಕತದೇನ್ರಿ? ಹೇಳ್ರಿ ನೀವರ.”

ಮನ್ಮಥಪ್ಪ ಪರದೆಯನ್ನು ಎರಡೂ ಕೈಯಿಂದ ಹಿಡಿದು, ಗಿರಾಕಿಗಳಿಗೆ ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಿದ. ಆಮೇಲೆ ಕಟ್ಟೆಗೆ ಹೋಗಿ ನಿಂತು, “ಬಿಲ್ಲಿನ ಮಷೀನ್ ಕೆಟ್ಟದ, ತುಸು ನಿಂದ್ರಬೇಕು. ಚಾ ಕುಡೀತೀರೇನು?” ಎಂದು ಗಟ್ಟಿಯಾಗಿ ಕೇಳಿದ.

ವಾಣಿಶ್ರೀ ದಿನವನ್ನು ಒಂದು ಹೆಜ್ಜೆ ಮುಂದಕ್ಕೆ ತಂದಳು.

ಪುಟ ತೆರೆಯಿತು. ಗಂಟೆ ಬಾರಿಸಲಿಲ್ಲ, ಅಭಿನಂದನೆ ಎನ್ನಲಿಲ್ಲ. ತ್ರಿಕೋನ ಇದ್ದದ್ದೇ ಸುಳ್ಳು ಎಂಬಂತೆ ನೀಲಿ ಬಣ್ಣ, ದೀಪ, ತುಂಬಬೇಕಾದ ಖಾಲಿ ಮನೆಗಳು. ಇಷ್ಟು ಸುಲಭವಾಗಿ ತೆರೆದುದಕ್ಕೇ ಅವಳಿಗೆ ಮತ್ತೆ ಅನುಮಾನ ಬಂತು. ಪಾಸ್‌ವರ್ಡು ಹಾಕಿದಳು. ಹೊಸ ಅಂಕಿ ಬಂತು, ಹಾಕಿದಳು. ಒಂದನೆಯ ಮನೆಯಲ್ಲಿ ಊರುಗಳ ಸಾಲು ಇಳಿಯಿತು. ಜಹೀರಾಬಾದು ಮೇಲೆ, ತಾಂಡೂರು ಕೆಳಗೆ. ಅವಳ ಬೆರಳು ಜಹೀರಾಬಾದಿನ ಮೇಲೆ ತುಸು ನಿಂತಿತು. ಬೇಡವೆನ್ನುವ ಗಂಡನ ಊರಿಗೆ ತಾನಾಗಿಯೇ ಹೋಗುವುದು ಜಾಣತನವೇ? ಆದರೆ ಅವನು ಬೇಡ ಎಂದಿಲ್ಲ. ಬೇಕು ಎನ್ನುವವರೆಗೆ ಕಾಯುತ್ತ ಇಲ್ಲಿ ಮಗಳಾಗಿ ಕೂರುವುದೇ?

ತಾಂಡೂರು ಒತ್ತಿದಳು. ಎರಡನೆಯದು ನಾರಾಯಣಖೇಡವೇ ಇರಲಿ ಎಂದು ಹಾಕಿದಳು. ಸಲ್ಲಿಸಿದಳು. ನಿಮ್ಮ ಆಯ್ಕೆ ದಾಖಲಾಗಿದೆ, ಬದಲಿಸಲಾಗದು.

ನಡುಬಾಗಿಲಲ್ಲಿ ಅತ್ತೆ ಇರಲಿಲ್ಲ. ಒಳಗಿನಿಂದ ಮಣ್ಣು ತಟ್ಟುವ ಸಪ್ಪಳ ಬರುತ್ತಿತ್ತು, ಮೊದಲಿಗಿಂತ ಜೋರಾಗಿ.

ಅವಳು ಹಿತ್ತಲಿಗೆ ಹೋಗಿ ಗಂಡನಿಗೆ ಫೋನು ಹಚ್ಚಿದಳು.

“ಹಾಕಿದೆ.”

“ಯಾವ್ದು?”

“ತಾಂಡೂರು. ಮನಿ ನೋಡ್ರಿ.”

ಮತ್ತೆ ಗರಗರ. ಈ ಸಲ ಅವಳು ಹಲೋ ಎನ್ನಲಿಲ್ಲ. ಎಷ್ಟು ಹೊತ್ತಾದರೂ ಆಗಲಿ ಎಂದು ಕಾದಳು. ಕೊನೆಗೆ ಅವನೇ ಕೇಳಿದ.

“ಸ್ಟೇಷನ್ ಕಡಿ ನೋಡ್ಲಾ, ಬಸ್‌ಸ್ಟ್ಯಾಂಡ್ ಕಡಿ ನೋಡ್ಲಾ?”

“ಎಲ್ಲಿ ಕಲ್ಲಿನ ಧೂಳು ಇರಂಗಿಲ್ಲೋ ಅಲ್ಲಿ.”

“ಧೂಳಿಲ್ಲದ ಜಾಗ ತಾಂಡೂರಾಗ ಎಲ್ಲದ ವಾಣಿ?” ಎಂದು ಆನಂದಕುಮಾರ ನಕ್ಕ.

ಆ ನಗುವನ್ನು ಅವಳು ಕಿವಿಗೊಟ್ಟು ಕೇಳಿದಳು. ಖುಷಿಯ ನಗುವೋ, ಸಿಕ್ಕಿಬಿದ್ದವನ ನಗುವೋ, ಎರಡೂ ಕಲೆತದ್ದೋ ತಿಳಿಯಲಿಲ್ಲ. ಫೋನಿನಲ್ಲಿ ತಿಳಿಯುವಂಥದ್ದಲ್ಲ ಅದು. ಎದುರಿಗೆ ಕೂತು ನೋಡಬೇಕು.

“ಎರಡು ಖೋಲಿ ಮನಿ ನೋಡ್ರಿ, ಒಂದ್ರಾಗ ನಮ್ಮದೇ ಒಲಿ ಹಚ್ಚಮು,” ಎಂದಳು.